ಗಾಜಿನೊಳಗಿನ ಕಡಲು ಮತ್ತು ಕಣ್ಣಿಗೆ ಕಾಣದ ಕೆಲಸಗಾರರು

ಗಾಜಿನ ತೊಟ್ಟಿಯಲ್ಲಿ ಮೀನು ಅಂದ ಕೂಡಲೇ ನೆನಪಾಗೋದು ಹೋಟೆಲಿನ ಕ್ಯಾಷ್ ಕೌಂಟರ್ ಪಕ್ಕದ ಗೋಲ್ಡ್ ಫಿಶ್. ಅದು ಸಿಹಿನೀರಿನ ಮಾತಾಯ್ತು. ಕಡಲಿನ ಜೀವಿಯನ್ನ ಕಡಲಿನಿಂದ ದೂರ, ನಾಲ್ಕು ಗೋಡೆಗಳ ಮಧ್ಯೆ ಬದುಕಿಸೋದು ಬೇರೆಯದೇ ಕಥೆ. ಆ ಕಥೆಗೆ ಇನ್ನೂ ಇನ್ನೂರು ವರ್ಷ ಕೂಡ ತುಂಬಿಲ್ಲ. ಪಫರ್ ಮೀನು (ಹೆದರಿದರೆ ನೀರು ಕುಡಿದು ಚೆಂಡಿನ ಹಾಗೆ ಉಬ್ಬುತ್ತಲ್ಲ, ಅದೇ) ಸಾಕೋಣ ಅಂತ ಹೊರಟು, ಉಪ್ಪು ಎಷ್ಟು ಹಾಕ್ಬೇಕು, ಟ್ಯಾಂಕ್ ಯಾವ ಸೈಜು ಅಂತ ಓದೋಕೆ ಕೂತವನು ಹತ್ತೊಂಬತ್ತನೇ ಶತಮಾನಕ್ಕೆ ಹೋಗಿಬಿಟ್ಟೆ. ಓದಿದ್ದನ್ನ ನಿಮಗೂ ಹೇಳದೆ ಇರೋಕಾಗ್ತಿಲ್ಲ.

ಶುರು ಮಾಡಿದ್ದು ಬಟ್ಟೆ ಹೊಲಿಯುತ್ತಿದ್ದ ಒಬ್ಬ ಹೆಂಗಸು! ಹೆಸರು ಝಾನ್ ವಿಲ್‌ಪ್ರೂ-ಪವರ್. 1794ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಹೊಲಿಗೆ-ಕಸೂತಿ ಮಾಡಿ, ಮದುವೆಯಾದ ಮೇಲೆ ಸಿಸಿಲಿ ದ್ವೀಪದ ಮೆಸ್ಸಿನಾ ಊರಿಗೆ ಹೋದವಳು. ಅಲ್ಲಿನ ಕಡಲಲ್ಲಿ ಆರ್ಗೊನಾಟ್ ಅಂತ ಒಂದು ಜೀವಿ. ಆಕ್ಟೋಪಸ್ಸಿನ ನೆಂಟ, ಆದರೆ ಕಾಗದದಷ್ಟು ತೆಳುವಾದ ಚಿಪ್ಪಿನೊಳಗೆ ಕೂತಿರುತ್ತೆ. ಆ ಚಿಪ್ಪು ಅದರದ್ದೇ ಸ್ವಂತದ್ದೋ, ಬೇರೆ ಪ್ರಾಣಿಯಿಂದ ಹೊಡೆದುಕೊಂಡಿದ್ದೋ ಅಂತ ಪಂಡಿತರ ನಡುವೆ ಜಗಳ. ಸತ್ತ ಜೀವಿಯನ್ನ ಸೀಸೆಯಲ್ಲಿಟ್ಟು ನೋಡಿದರೆ ಉತ್ತರ ಸಿಗೋದಿಲ್ಲವಲ್ಲ. ಈಕೆ 1832ರಲ್ಲಿ ಗಾಜಿನ ತೊಟ್ಟಿ ಮಾಡಿಸಿ, ಕಡಲ ನೀರು ತುಂಬಿ, ಜೀವಂತ ಆರ್ಗೊನಾಟ್ ಬಿಟ್ಟು ಕಾದು ಕೂತಳು. ಚಿಪ್ಪು ಮುರಿದರೆ ಅದು ತಾನೇ ರಿಪೇರಿ ಮಾಡಿಕೊಳ್ಳೋದನ್ನ ಕಂಡಳು. ಜಗಳ ಮುಗೀತು, ಚಿಪ್ಪು ಅದರದ್ದೇ. 1838ರಲ್ಲಿ ಈಕೆಯ ಸಂಗ್ರಹಗಳನ್ನ ಹೊತ್ತ ಹಡಗು ಮುಳುಗಿ, ವರ್ಷಗಳ ಕೆಲಸ ಸಮುದ್ರದ ಪಾಲಾಯ್ತು ಅಂತ ಓದಿದಾಗ ಮಾತ್ರ ಸಂಕಟ ಆಯ್ತು. ಬ್ಯಾಕಪ್ ಇಲ್ಲದ ಕಾಲ ನೋಡಿ.

ಮೆಸ್ಸಿನಾದಲ್ಲಿ ಕಡಲು ಬಾಗಿಲಲ್ಲೇ ಇತ್ತು. ಲಂಡನ್ನಿನಂಥ ಊರಲ್ಲಿ? 1846ರಲ್ಲಿ ಆನಾ ಥಿನ್ ಅನ್ನೋಳು ಟಾರ್ಕೀ ಕಡಲತೀರದಿಂದ ಕಲ್ಲುಹವಳಗಳನ್ನ ಲಂಡನ್ನಿನ ಮನೆಗೆ ತಂದಳು. ಈಕೆ ಪಾದ್ರಿಯೊಬ್ಬರ ಹೆಂಡತಿ. ನೀರಿಗೆ ಗಾಳಿ ಸೇರಿಸೋಕೆ ದಿನಾ ಅರ್ಧ-ಮುಕ್ಕಾಲು ಗಂಟೆ ತೆರೆದ ಕಿಟಕಿಯ ಪಕ್ಕ ನಿಂತು, ನೀರನ್ನ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತಿ ಎತ್ತಿ ಸುರಿಯಬೇಕಿತ್ತು, ನಮ್ಮಲ್ಲಿ ಚಾ ಆರಿಸೋ ಹಾಗೆ. ಸುರಿದವಳು ಮನೆಗೆಲಸದ ಹುಡುಗಿ. ಈಗ ಅಂಗಡಿಯಲ್ಲಿ ಸಿಗೋ ಗುಳುಗುಳು ಏರ್ ಪಂಪಿನ ಪೂರ್ವಜರು ಆ ಹುಡುಗಿಯ ಕೈಗಳು! ಆಮೇಲೆ ಆನಾ ನೀರಿಗೆ ಕಡಲಪಾಚಿಯನ್ನೂ ಸೇರಿಸಿದಳು. ಹವಳಗಳು ಬದುಕಿದ್ದಷ್ಟೇ ಅಲ್ಲ, ಸಂಖ್ಯೆಯಲ್ಲೂ ಹೆಚ್ಚಾದವು.

1850ರಲ್ಲಿ ರಾಬರ್ಟ್ ವಾರಿಂಗ್ಟನ್ ಅನ್ನೋ ರಸಾಯನಶಾಸ್ತ್ರಜ್ಞ ಇದಕ್ಕೊಂದು ಲೆಕ್ಕ ಕೊಟ್ಟ. ಗೋಲ್ಡ್ ಫಿಶ್, ನೀರಿನ ಗಿಡ, ಬಸವನಹುಳು ಮೂರನ್ನೂ ಒಟ್ಟಿಗೆ ಇಟ್ಟ. ಗಿಡ ಆಮ್ಲಜನಕ ಕೊಡುತ್ತೆ, ಹುಳು ಕೊಳೆತ ಎಲೆ ತಿನ್ನುತ್ತೆ, ಮೀನು ಬದುಕುತ್ತೆ. ಇಂಗ್ಲೆಂಡಿನಲ್ಲಿ ಗಾಜಿನ ಮೇಲಿನ ತೆರಿಗೆ 1845ರಲ್ಲೇ ಹೋಗಿತ್ತು, ಗಾಜು ಅಗ್ಗ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೀನುಮನೆ ತೆರೆಯಿತು. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ 'ಅಕ್ವೇರಿಯಂ' ಅನ್ನೋ ಹೆಸರಿನ ಪುಸ್ತಕ ಬರೆದ, ಪದ ನಿಂತುಬಿಟ್ಟಿತು. ಅದೇ ವರ್ಷ ನಾಲ್ಕು ಲವಣ ಬೆರೆಸಿ ಕೃತಕ ಕಡಲನೀರು ಮಾಡೋ ವಿಧಾನವನ್ನೂ ಪ್ರಕಟಿಸಿದ.

ಆಮೇಲೆ ಶುರುವಾಯ್ತು ಹುಚ್ಚು. ಬಕೆಟ್ಟು, ಸುತ್ತಿಗೆ ಹಿಡಿದು ಜನ ಕಡಲತೀರಕ್ಕೆ ಹೊರಟರು. ಬಂಡೆಗಳ ಸಂದಿಯ ಹೊಂಡಗಳಲ್ಲಿ ಇದ್ದದ್ದನ್ನೆಲ್ಲ ಕಿತ್ತು ತಂದರು. ಮನೆಯಲ್ಲಿ ಬಹಳಷ್ಟು ಸತ್ತವು. ಗಾಸ್‌ನ ಮಗ ಎಡ್ಮಂಡ್ 1907ರಲ್ಲಿ ಬರೆದ ಆತ್ಮಕಥೆಯಲ್ಲಿ, ಆ ಹೊಂಡಗಳು ಹೇಗೆ ಬರಿದಾದವು, ಅದು ತನ್ನ ಅಪ್ಪನಿಗೆ ಎಷ್ಟು ನೋವು ಕೊಟ್ಟಿತು ಅಂತ ಬರೆದಿದ್ದಾನೆ. ಪ್ರೀತಿಯಿಂದ ತೋರಿಸಿಕೊಟ್ಟ ಜಾಗವನ್ನ ಓದುಗರೇ ಖಾಲಿ ಮಾಡಿದ್ದು...

ಯಾಕೆ ಸತ್ತವು? ಇಲ್ಲಿದೆ ನೋಡಿ ನನಗೆ ತುಂಬಾ ಇಷ್ಟವಾದ ಭಾಗ. ಮೀನಿನ ಹೊಲಸಿನಿಂದ ಅಮೋನಿಯಾ ಹುಟ್ಟುತ್ತೆ, ಅದು ಮೀನಿಗೇ ವಿಷ. ಒಂದು ಜಾತಿಯ ಸೂಕ್ಷ್ಮಜೀವಿ ಅದನ್ನ ನೈಟ್ರೈಟ್ ಮಾಡುತ್ತೆ, ಅದೂ ವಿಷವೇ. ಇನ್ನೊಂದು ಜಾತಿ ಅದನ್ನ ನೈಟ್ರೇಟ್ ಮಾಡುತ್ತೆ, ಇದು ಅಷ್ಟು ಅಪಾಯವಿಲ್ಲ. ಈ ಎರಡು ಹಂತ, ಎರಡು ಜೀವಿ ಅನ್ನೋದನ್ನ ತೋರಿಸಿದವರಲ್ಲಿ ಒಬ್ಬ ಯಾರು ಗೊತ್ತಾ? ಅದೇ ವಾರಿಂಗ್ಟನ್ನನ ಮಗ! ಅವನ ಹೆಸರೂ ರಾಬರ್ಟ್. ರಾಥಮ್‌ಸ್ಟೆಡ್‌ನ ಕೃಷಿ ಪ್ರಯೋಗಾಲಯದಲ್ಲಿ ಹೊಲದ ಮಣ್ಣಿನ ಬಗ್ಗೆ ಕೆಲಸ ಮಾಡ್ತಾ ಕಂಡುಕೊಂಡ. ಆ ಸೂಕ್ಷ್ಮಜೀವಿಗಳನ್ನ ಬೇರ್ಪಡಿಸಿ ಬೆಳೆಸಿದ್ದು 1890ರ ಸುಮಾರಿಗೆ ರಷ್ಯಾದ ವಿನೊಗ್ರಾಡ್‌ಸ್ಕಿ. ಅಪ್ಪ ತೊಟ್ಟಿಯಲ್ಲಿ ಕಂಡದ್ದು ಗಿಡ, ಮೀನು, ಹುಳು. ಅಲ್ಲೇ ಗಾಜಿಗೆ, ಮರಳಿಗೆ ಅಂಟಿಕೊಂಡು ದುಡಿಯುತ್ತಿದ್ದ ಕೆಲಸಗಾರರನ್ನ ಕಂಡದ್ದು ಮಗ, ಅದೂ ಹೊಲದಲ್ಲಿ.

ಈಗ ನನ್ನ ವಿಷಯಕ್ಕೆ ಬರ್ತೀನಿ. ಬೆಂಗಳೂರಿನ ಬಾಡಿಗೆ ಮನೆ, 150 ಲೀಟರಿನ ತೊಟ್ಟಿ. ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಐದು ಕಿಲೋ ಮೇಲೆ ಸಮುದ್ರದ ಉಪ್ಪಿನ ಮಿಶ್ರಣ (ಅಡುಗೆ ಉಪ್ಪು ಆಗಲ್ಲ). ಬರಬೇಕಾದವನು ವ್ಯಾಲೆಂಟಿನಿ ಪಫರ್, ಬೆಳೆದರೂ 11 ಸೆಂಟಿಮೀಟರ್. ಹಲ್ಲು ಜೀವನಪೂರ್ತಿ ಬೆಳೀತಾನೇ ಇರುತ್ತೆ, ಸವೆಸೋಕೆ ಚಿಪ್ಪಿನ ಸಮೇತ ಕಡಿಯೋ ಆಹಾರ ಬೇಕು. ತಿನ್ನೋದು ಗಲೀಜಾಗಿ, ಅಂದ್ರೆ ಅಮೋನಿಯಾ ಜಾಸ್ತಿ. ಹಾಗಾಗಿ ಮೊದಲು ಆ ಕೆಲಸಗಾರರು ಬರಬೇಕು. ಮಾರ್ಕೆಟ್ಟಿಂದ ಒಂದು ಸಿಗಡಿ ತಂದು ತೊಟ್ಟಿಯಲ್ಲಿ ಕೊಳೆಯೋಕೆ ಬಿಟ್ಟು, ದಿನ ಬಿಟ್ಟು ದಿನ ಟೆಸ್ಟ್ ಕಿಟ್ಟಿನಲ್ಲಿ ಬಣ್ಣ ನೋಡ್ತಾ ಕೂತಿದೀನಿ. ನಾಲ್ಕು ವಾರ ಆಯ್ತು. ರೂಮ್‌ಮೇಟ್ ಕೇಳ್ತಾನೆ, "ಏನೋ ಇದು, ಖಾಲಿ ನೀರಿಗೆ ಇಷ್ಟು ಸೇವೆ?" ಅಂಗಡಿಯವರು, "ಸಾರ್, ಇವತ್ತೇ ಬಿಡಿ, ಏನೂ ಆಗಲ್ಲ" ಅಂತಾರೆ. ಅಮೋನಿಯಾ ಇಳಿದಿದೆ, ನೈಟ್ರೈಟ್ ಇನ್ನೂ ಏರಿಯೇ ಇದೆ. ಅಂದ್ರೆ ಮೊದಲ ಪಾಳಿಯವರು ಬಂದಿದ್ದಾರೆ, ಎರಡನೇ ಪಾಳಿಯವರು ಇನ್ನೂ ಬರಬೇಕು.

ಇನ್ನೊಂದು ವಿಚಿತ್ರ. 1774ರಲ್ಲಿ ಕ್ಯಾಪ್ಟನ್ ಕುಕ್ ನ್ಯೂ ಕ್ಯಾಲಿಡೋನಿಯಾದಲ್ಲಿ ಪಫರಿನ ಯಕೃತ್ತು ಮತ್ತು ತತ್ತಿಯನ್ನ ಒಂಚೂರು ರುಚಿ ನೋಡಿ ಕೈಕಾಲು ಜೋಮು ಹಿಡಿದು ಒದ್ದಾಡಿದ್ದ; ಅದನ್ನ ತಿಂದ ಹಂದಿ ಸತ್ತೇ ಹೋಯ್ತು. ಆ ವಿಷದ ಮೂಲವೂ ಬ್ಯಾಕ್ಟೀರಿಯಾಗಳೇ, ಆಹಾರದ ಮೂಲಕ ಮೀನಿಗೆ ಸೇರುತ್ತೆ. ವಿಷವಿಲ್ಲದ ಆಹಾರ ಕೊಟ್ಟು ಸಾಕಿದ ಫುಗು ಮೀನಿನಲ್ಲಿ ಆ ವಿಷ ಇರಲ್ಲ. ಮೀನಿನ ಆಯುಧವೂ ಅದರದ್ದಲ್ಲ ನೋಡಿ!

ಕಡಲಿನ ಅಲಂಕಾರದ ಮೀನುಗಳಲ್ಲಿ ಹೆಚ್ಚಿನವು ಇವತ್ತಿಗೂ ಕಡಲಿನಿಂದ ಹಿಡಿದು ತಂದವೇ. ಹವಳಗಳಿಗೆ ನಮ್ಮ ದೇಶದಲ್ಲಿ 2001ರಿಂದ ಕಾನೂನಿನ ರಕ್ಷಣೆ ಇದೆ, ವ್ಯಾಲೆಂಟಿನಿಗೆ ಅದೇನೂ ಇಲ್ಲ. ಯಾವುದೋ ಹವಳದ ದಿಬ್ಬದಿಂದ ಬರೋ ಆ ಒಂದು ಮೀನಿಗೆ ನಾನು ಕೊಡಬಹುದಾದ್ದು ಒಳ್ಳೆ ನೀರು ಮಾತ್ರ. ಎರಡನೇ ಸಂಖ್ಯೆಯೂ ಸೊನ್ನೆಗೆ ಬರಲಿ, ಒಂದು ವಾರ ಸೊನ್ನೆಯಲ್ಲೇ ನಿಲ್ಲಲಿ. ಅಲ್ಲಿವರೆಗೆ ಅಂಗಡಿ ಕಡೆ ಹೋಗೋದಿಲ್ಲ ಅಂತ ತೀರ್ಮಾನಿಸಿದೀನಿ. ನೀವೇನಂತೀರಿ?