ಜೀವಕೋಶಕ್ಕೊಂದು ಪದಕೋಶ

ಮೈಸೂರು ಕಡೆಯವರೊಬ್ಬರು ಬೆಳಗಾವಿಯ ಮಹಾಂತೇಶ ನಗರದ ಕಿರಾಣಿ ಅಂಗಡಿಯಲ್ಲಿ ಕಡಲೆಬೀಜ ಕೇಳಿದರೆ, ಅಂಗಡಿಯವರ ಕೈ ಕಡಲೆಕಾಳಿನ ಚೀಲದತ್ತ ಹೋದರೂ ಆಶ್ಚರ್ಯವಿಲ್ಲ. ಇಲ್ಲಿ ಅದು ಶೇಂಗಾ. ಈರುಳ್ಳಿ ಇಲ್ಲಿ ಉಳ್ಳಾಗಡ್ಡಿ; ಖಾನಾಪುರದ ಮರಾಠಿ ಮನೆಗಳಲ್ಲಿ ಕಾಂದಾ. ಅಂಗಡಿಯಲ್ಲಾದರೆ ಬೆರಳು ಮಾಡಿ ತೋರಿಸಿ ಗೊಂದಲ ಮುಗಿಸಬಹುದು. ಕಣ್ಣಿಗೆ ಕಾಣದ ವಂಶವಾಹಿಗಳ ವಿಷಯದಲ್ಲಿ ಅದು ಸಾಧ್ಯವಿಲ್ಲ. ಕಳೆದ ಶತಮಾನದ ಕೊನೆಯಲ್ಲಿ ಜೀವವಿಜ್ಞಾನಿಗಳು ಇಂಥದೇ ಪೇಚಿನಲ್ಲಿ ಸಿಲುಕಿದ್ದರು.

ಜೀವಕೋಶ ಯಾವ ಪ್ರೋಟೀನನ್ನು ತಯಾರಿಸಬೇಕೆಂಬ ಸೂಚನೆ ಹೊತ್ತ ಡಿಎನ್‌ಎ ತುಣುಕನ್ನು ವಂಶವಾಹಿ ಎನ್ನುತ್ತೇವೆ. ಹುದುಗುಬರಿಸುವ ಯೀಸ್ಟ್, ಹಣ್ಣಿನ ನೊಣ, ಇಲಿ ಇವುಗಳ ಮೇಲೆ ದಶಕಗಟ್ಟಲೆ ಸಂಶೋಧನೆ ನಡೆದಿತ್ತಾದರೂ ಒಂದೊಂದು ಬಳಗವೂ ತನಗೆ ತೋಚಿದ ಹೆಸರು ಇಟ್ಟುಕೊಳ್ಳುತ್ತಿತ್ತು. ಕೋಶ ವಿಭಜನೆಯನ್ನು ನಿಯಂತ್ರಿಸುವ ವಂಶವಾಹಿಗೆ ಒಂದು ಜಾತಿಯ ಯೀಸ್ಟಿನಲ್ಲಿ ಸಿಡಿಸಿ28 ಎಂದು, ಇನ್ನೊಂದರಲ್ಲಿ ಸಿಡಿಸಿ2 ಎಂದು ಹೆಸರು. ಮನುಷ್ಯನಲ್ಲಿ ಅದಕ್ಕೆ ಸಮನಾದದ್ದು ಇಂದು ಸಿಡಿಕೆ1. ಮನುಷ್ಯನ ವಂಶವಾಹಿಯನ್ನು ಯೀಸ್ಟಿಗೆ ಸೇರಿಸಿದರೂ ಕೆಲಸ ಸಾಗುತ್ತದೆ ಎಂಬುದು 1987ರಲ್ಲೇ ತಿಳಿದಿತ್ತು. ಕೆಲಸ ಒಂದೇ, ಹೆಸರು ಮಾತ್ರ ಬೇರೆ ಬೇರೆ.

ನೊಣದವರಂತೂ ಹೆಸರಿಡುವುದರಲ್ಲಿ ಸ್ವಲ್ಪ ತುಂಟರು. ಒಂದು ವಂಶವಾಹಿ ಇಲ್ಲದಿದ್ದರೆ ಭ್ರೂಣದಲ್ಲಿ ಹೃದಯವೇ ಮೂಡುವುದಿಲ್ಲವೆಂದು ಕಂಡು, ಮಕ್ಕಳ ಕಥೆಯೊಂದರ ಹೃದಯವಿಲ್ಲದ ತಗಡಿನ ಮನುಷ್ಯನ ನೆನಪಿನಲ್ಲಿ ಅದನ್ನು ಟಿನ್‌ಮ್ಯಾನ್ ಎಂದು ಕರೆದರು. ಇದೇ ಕುಟುಂಬಕ್ಕೆ ಸೇರಿದ ಮನುಷ್ಯನ ವಂಶವಾಹಿಗೆ ಎನ್‌ಕೆಎಕ್ಸ್2-5 ಎಂಬ ಒಣ ಹೆಸರು. ಅದರಲ್ಲಿ ದೋಷವಿದ್ದರೆ ಹುಟ್ಟುವ ಮಗುವಿನ ಹೃದಯದ ಮೇಲಿನ ಎರಡು ಕೋಣೆಗಳ ನಡುವಣ ಗೋಡೆಯಲ್ಲಿ ರಂಧ್ರ ಉಳಿಯಬಹುದೆಂದು 1998ರಲ್ಲಿ ಕೆಲವು ಕುಟುಂಬಗಳ ಅಧ್ಯಯನದಿಂದ ತಿಳಿದುಬಂತು. ಮಗುವಿನ ಹೃದ್ರೋಗದ ಮೂಲ ಹುಡುಕುವವರಿಗೆ ನೊಣದವರ ಬರಹ ಬೇಕು. ಆದರೆ ಹೆಸರು ಹಿಡಿದು ಹುಡುಕಿದರೆ, ಮನುಷ್ಯರಿಗಿಂತ ಹೆಚ್ಚು ಅಕ್ಷರನಿಷ್ಠವಾದ ಗಣಕಯಂತ್ರಕ್ಕೆ ಅದು ಸಿಗುವುದಾದರೂ ಹೇಗೆ?

ಅದೇ 1998ರಲ್ಲಿ ಕೇಂಬ್ರಿಜಿನ ಮೈಕೆಲ್ ಆಶ್‌ಬರ್ನರ್ ಮೊದಲಾದವರು ನೊಣ, ಯೀಸ್ಟ್, ಇಲಿಗಳ ಮಾಹಿತಿಕೋಶಗಳನ್ನು ಒಂದುಗೂಡಿಸಿ 'ಜೀನ್ ಆಂಟಾಲಜಿ' ಯೋಜನೆ ಆರಂಭಿಸಿದರು. 2000ದ ಮೇ ತಿಂಗಳಲ್ಲಿ 'ನೇಚರ್ ಜೆನೆಟಿಕ್ಸ್' ಪತ್ರಿಕೆ ಇದರ ವಿವರ ಪ್ರಕಟಿಸಿತು. ವಂಶವಾಹಿಗಳ ಹೆಸರು ಬದಲಿಸುವ ಜಗಳಕ್ಕೆ ಇವರು ಕೈಹಾಕಲಿಲ್ಲ. ಅದು ಜಾಣತನವೇ ಸರಿ. ಬದಲಿಗೆ ಕೆಲಸವನ್ನು ಬಣ್ಣಿಸುವ ಪದಗಳನ್ನು ಗೊತ್ತುಪಡಿಸಿದರು. ಕೇಳುವ ಪ್ರಶ್ನೆಗಳು ಮೂರೇ: ವಂಶವಾಹಿಯಿಂದ ಹುಟ್ಟಿದ ಪ್ರೋಟೀನು ಅಣುಮಟ್ಟದಲ್ಲಿ ಏನು ಮಾಡುತ್ತದೆ, ಯಾವ ದೊಡ್ಡ ಕಾರ್ಯದಲ್ಲಿ ಪಾಲುಗೊಳ್ಳುತ್ತದೆ, ಕೋಶದ ಯಾವ ಭಾಗದಲ್ಲಿರುತ್ತದೆ?

ಪ್ರತಿ ಪದಕ್ಕೂ ಏಳಂಕಿಯ ಸಂಖ್ಯೆ ಹಾಗೂ ಒಂದು ವ್ಯಾಖ್ಯೆ ಉಂಟು. ಬಳಕೆಯಲ್ಲಿರುವ ಬೇರೆ ಹೆಸರುಗಳು ಸಮಾನಾರ್ಥಕಗಳಾಗಿ ಪಕ್ಕದಲ್ಲೇ ಉಳಿಯುತ್ತವೆ. ಹೃದಯದ ಬೆಳವಣಿಗೆಗೆ 0007507. ನೊಣದ ತಗಡಿನ ಮನುಷ್ಯನೂ ಮಗುವಿನ ಎನ್‌ಕೆಎಕ್ಸ್2-5ವೂ ಈ ಒಂದು ಸಂಖ್ಯೆಯ ಅಡಿಯಲ್ಲಿ ಭೇಟಿಯಾಗುತ್ತವೆ. ಈ ಪದಕೋಶದಲ್ಲಿ ಇಂದು ಸುಮಾರು 40 ಸಾವಿರ ಪದಗಳಿವೆ.

ಆದರೆ ಪದ ಗೊತ್ತುಪಡಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಸಂಶೋಧನಾ ಲೇಖನಗಳನ್ನು ಓದಿ, ಯಾವ ಪ್ರೋಟೀನಿಗೆ ಯಾವ ಪದ ಸಲ್ಲುತ್ತದೆಂದು ಯಾರಾದರೂ ತೀರ್ಮಾನಿಸಬೇಕು. ಈ ದುಡಿಮೆಯ ಒಂದು ದೊಡ್ಡ ಅಧ್ಯಾಯ ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಅಖಿಲೇಶ್ ಪಾಂಡೆ 2002ರಲ್ಲಿ ಇಲ್ಲಿ 'ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್' ಸಂಸ್ಥೆ ಆರಂಭಿಸಿದರು. ಎರಡೂ ಕಡೆಯವರು ಸೇರಿ 2003ರಲ್ಲಿ ಪ್ರಕಟಿಸಿದ ಮಾನವ ಪ್ರೋಟೀನುಗಳ ಮಾಹಿತಿಕೋಶದಲ್ಲಿ 2,750 ಪ್ರೋಟೀನುಗಳ ವಿವರವಿತ್ತು. ಇದಕ್ಕಾಗಿ ಜೀವವಿಜ್ಞಾನಿಗಳು ಓದಿದ ಲೇಖನಗಳು 3 ಲಕ್ಷಕ್ಕೂ ಹೆಚ್ಚು. ಯಂತ್ರಕ್ಕೆ ಒಪ್ಪಿಸದೆ, ಬಹುಪಾಲು ಮಾಹಿತಿಯನ್ನು ಓದಿ ಅರ್ಥಮಾಡಿಕೊಂಡೇ ಬರೆದದ್ದು. ಪ್ರಯೋಗಾಲಯದ ಆವಿಷ್ಕಾರಕ್ಕೆ ಸಿಗುವ ಚಪ್ಪಾಳೆ ಇಂಥ ಓದಿಗೆ ಸಿಗುವುದಿಲ್ಲ. ಮುಂದೆ 2014ರ ಮೇ ತಿಂಗಳಲ್ಲಿ ಇದೇ ಸಂಸ್ಥೆ ಮತ್ತು ಜಾನ್ಸ್ ಹಾಪ್ಕಿನ್ಸ್ ಸೇರಿ 'ನೇಚರ್' ಪತ್ರಿಕೆಯಲ್ಲಿ ಮಾನವ ಪ್ರೋಟೀನುಗಳ ಕರಡು ನಕ್ಷೆ ಪ್ರಕಟಿಸಿದವು. 17,294 ವಂಶವಾಹಿಗಳ ಪ್ರೋಟೀನುಗಳು ಅದರಲ್ಲಿ ಪತ್ತೆಯಾಗಿದ್ದವು.

ಮನುಷ್ಯ ಓದಿ ಬರೆದದ್ದಕ್ಕೂ ಗಣಕಯಂತ್ರ ಹೋಲಿಕೆ ನೋಡಿ ಊಹಿಸಿದ್ದಕ್ಕೂ ವ್ಯತ್ಯಾಸವಿದೆಯಷ್ಟೆ. ಆದ್ದರಿಂದ ಜೀನ್ ಆಂಟಾಲಜಿಯಲ್ಲಿ ಪ್ರತಿ ನಮೂದಿನ ಮುಂದೆ ಅದಕ್ಕೆ ಆಧಾರವೇನೆಂಬ ಸಂಕೇತವನ್ನೂ ಹಾಕುತ್ತಾರೆ. ನೇರ ಪ್ರಯೋಗಕ್ಕೆ ಒಂದು ಸಂಕೇತ, ಯಂತ್ರದ ಊಹೆಗೆ ಇನ್ನೊಂದು. ಯಂತ್ರದ ಸಂಕೇತ ಹೊತ್ತ ನಮೂದುಗಳೇ ಸಂಖ್ಯೆಯಲ್ಲಿ ಹೆಚ್ಚು. ಬಳಸುವವರು ಇದನ್ನು ಗಮನಿಸದೆ ಮುಂದೆ ಹೋಗುವುದೂ ಉಂಟು. ಹುಡುಕಿ ನೋಡಿದರೂ ಏನೂ ಸಿಗದ ವಂಶವಾಹಿಗಳಿಗಾಗಿ 'ಎನ್‌ಡಿ' ಎಂಬ ಎರಡಕ್ಷರದ ಸಂಕೇತವಿದೆ. ಮಾಹಿತಿ ಲಭ್ಯವಿಲ್ಲ ಎಂದು ಅದರ ಅರ್ಥ.