ಬಿಸಿಗೆ ಹೆಪ್ಪುಗಟ್ಟುವ ಮದ್ದು



ಚಳಿಗಾಲದ ಬೆಳಿಗ್ಗೆ ತುಪ್ಪದ ಪಾತ್ರೆಯನ್ನು ನೀವೆಲ್ಲ ನೋಡಿದ್ದೀರಿ. ರಾತ್ರಿಯ ಥಂಡಿಗೆ ತುಪ್ಪ ಹೆಪ್ಪುಗಟ್ಟಿರುತ್ತದೆ. ಒಲೆಯ ಪಕ್ಕಕ್ಕಿಟ್ಟರೆ ಕರಗಿ ಹರಿಯುತ್ತದೆ. ಇದಕ್ಕೆ ಪೂರಾ ತದ್ವಿರುದ್ಧವಾದ ಒಂದು ವಸ್ತುವಿದೆ. ತಣ್ಣಗಿದ್ದಾಗ ಅದು ನೀರಿನಂತೆ ಹರಿಯುತ್ತದೆ. ಮೈಯ ಬಿಸಿ ತಾಕಿದರೆ ಗಟ್ಟಿಯಾಗುತ್ತದೆ. ಕ್ಯಾನ್ಸರ್ ತಗುಲಿದ ಮೂತ್ರಪಿಂಡವನ್ನು ಕತ್ತರಿಸಿ ತೆಗೆಯದೆ ಉಳಿಸಿಕೊಳ್ಳುವ ಒಂದು ದಾರಿಯನ್ನು ಈ ವಸ್ತು ತೋರಿಸಿದೆ. ಅದರ ಚರಿತ್ರೆಯೇ ಇಂದಿನ ಮಾತು.

ಕ್ಯಾನ್ಸರಿಗೆ ಮದ್ದು ಇಲ್ಲವೆಂದಲ್ಲ. 1956ರಲ್ಲಿಯೇ ಜಪಾನಿನ ವಿಜ್ಞಾನಿಗಳು ಒಂದು ಸೂಕ್ಷ್ಮಜೀವಿಯಿಂದ ಮೈಟೊಮೈಸಿನ್ ಎಂಬ ಔಷಧಿಯನ್ನು ಪಡೆದರು. ಅದು ಕ್ಯಾನ್ಸರ್ ಕಣಗಳನ್ನು ಕೊಲ್ಲುತ್ತದೆ. ತೊಡಕಿರುವುದು ಮದ್ದು ನಿಲ್ಲುವ ಜಾಗದಲ್ಲಿ. ರಕ್ತನಾಳಕ್ಕೆ ಕೊಟ್ಟರೆ ಅದು ಮೈಯೆಲ್ಲ ಸುತ್ತಿ, ರಕ್ತ ಹುಟ್ಟುವ ಮೂಳೆಯ ಮಜ್ಜೆಗೂ ಪೆಟ್ಟು ಕೊಡುತ್ತದೆ. ಮೂತ್ರಪಿಂಡದ ಒಳಗೆ ನೇರವಾಗಿ ಬಿಟ್ಟರೆ, ಮೇಲಿಂದ ಸದಾ ಇಳಿಯುವ ಮೂತ್ರ ಅದನ್ನು ಬೇಗನೆ ತೊಳೆದುಬಿಡುತ್ತದೆ. ಹರಿಯುವ ಕಾಲುವೆಯಲ್ಲಿ ಅರಿಸಿನ ಕಲಸಿದಂತೆ! ಹಾಗಾಗಿ ಅಲ್ಲಿ ಕ್ಯಾನ್ಸರ್ ಕಂಡರೆ ಮೂತ್ರಪಿಂಡವನ್ನೂ ಮೂತ್ರನಾಳವನ್ನೂ ತೆಗೆದುಹಾಕುವುದೇ ರೂಢಿಯ ಚಿಕಿತ್ಸೆಯಾಗಿತ್ತು.

ಮದ್ದನ್ನು ಹಿಡಿದು ನಿಲ್ಲಿಸಲು ಲೋಳೆ ಬೇಕಾಯಿತು. ಲೋಳೆ ನಮಗೆ ಹೊಸದಲ್ಲ. ಬೇಲಿಯ ಮೇಲೆ ಹಬ್ಬುವ ದಾಗಡಿ ಬಳ್ಳಿಯ ಎಲೆಯನ್ನು ನೀರಿನಲ್ಲಿ ಹಿಸುಕಿ ಸೋಸಿಟ್ಟರೆ, ಸ್ವಲ್ಪ ಹೊತ್ತಿಗೆ ನೀರೆಲ್ಲ ಲೋಳೆಯಾಗಿ ನಿಲ್ಲುವುದನ್ನು ದನ ಕಾಯುವ ಹುಡುಗರೂ ಬಲ್ಲರು. ಉದ್ದುದ್ದ ಎಳೆಗಳು ಬಲೆಯಂತೆ ಹೆಣೆದುಕೊಂಡು ನೀರನ್ನು ಹಿಡಿದಿಟ್ಟಾಗ ಲೋಳೆಯಾಗುತ್ತದೆ. ವಿಜ್ಞಾನಿಗಳು ಇದನ್ನು ಹೈಡ್ರೋಜೆಲ್ ಎನ್ನುತ್ತಾರೆ.

ದೇಹಕ್ಕೆ ಒಗ್ಗುವ ಇಂಥ ಲೋಳೆಯ ಬಗ್ಗೆ 1960ರಲ್ಲಿ ಬರೆದವರು ಪ್ರಾಗ್ ನಗರದ ಒಟ್ಟೊ ವಿಖ್ಟರ್ಲೆ ಮತ್ತು ದ್ರಾಹೊಸ್ಲಾವ್ ಲಿಮ್. ಮರುವರ್ಷ ಕ್ರಿಸ್‌ಮಸ್ ಹೊತ್ತಿಗೆ ವಿಖ್ಟರ್ಲೆಯವರು ಮಕ್ಕಳ ಆಟಿಕೆಯ ಬಿಡಿಭಾಗಗಳನ್ನೂ ಸೈಕಲ್ ಡೈನಮೊವನ್ನೂ ಜೋಡಿಸಿ, ಮನೆಯಲ್ಲಿಯೇ ಯಂತ್ರವೊಂದನ್ನು ಮಾಡಿಕೊಂಡು, ಕಣ್ಣಿಗೆ ಹಾಕುವ ಮೆತ್ತನೆಯ ಲೆನ್ಸ್ ತಯಾರಿಸಿದರು.

ಆದರೆ ಆ ಲೋಳೆಗೆ ಬಿಸಿ-ತಂಪಿನ ಅರಿವಿರಲಿಲ್ಲ. 1968ರಲ್ಲಿ ಕೆನಡಾದ ಹೆಸ್ಕಿನ್ಸ್ ಮತ್ತು ಗಿಲೆ ಅವರು ಒಂದು ಪಾಲಿಮರಿನ ವಿಚಿತ್ರ ಗುಣವನ್ನು ವಿವರಿಸಿದರು. ಸುಮಾರು 32 ಡಿಗ್ರಿ ಸೆಲ್ಸಿಯಸ್ಸಿನವರೆಗೆ ಅದು ನೀರಿನಲ್ಲಿ ಕರಗಿರುತ್ತದೆ. ಅದಕ್ಕೆ ಮೇಲೆ ನೀರನ್ನು ಬಿಟ್ಟು ಬೇರೆಯಾಗುತ್ತದೆ. 1978ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿದ್ದ ಟೊಯೊಇಚಿ ತನಾಕ, ಸುತ್ತಲಿನ ಸ್ಥಿತಿ ತುಸುವೇ ಬದಲಾದರೂ ಲೋಳೆಯ ಗಾತ್ರ ನೂರಾರು ಪಟ್ಟು ಕುಗ್ಗಬಲ್ಲದೆಂದು ತೋರಿಸಿಕೊಟ್ಟರು. ಬಿಸಿಯನ್ನೋ ಹುಳಿಯನ್ನೋ ಬೆಳಕನ್ನೋ ಗುರುತಿಸಿ ವರ್ತಿಸುವ ಲೋಳೆಗಳ ಹುಡುಕಾಟ ಇದರಿಂದ ಬಲಗೊಂಡಿತು. ಕ್ಯಾನ್ಸರ್ ಗಡ್ಡೆ ಸಕ್ಕರೆಯನ್ನು ಹುಳಿಯಾಗಿಸುತ್ತದೆಂದು ಜರ್ಮನಿಯ ಒಟ್ಟೊ ವಾರ್ಬುರ್ಗ್ 1920ರ ದಶಕದಲ್ಲಿಯೇ ಕಂಡುಕೊಂಡಿದ್ದರು. ಆ ಹುಳಿಯನ್ನೇ ಗುರುತಾಗಿ ಬಳಸುವ ಪ್ರಯತ್ನಗಳೂ ನಡೆದವು.

ನಮ್ಮ ಕಥೆಯ ಮದ್ದಿಗೆ ಒದಗಿದ್ದು ಪೊಲೊಕ್ಸಾಮರ್ ಎಂಬ ವಸ್ತು. ಅದರ ಎಳೆಯ ಎರಡು ತುದಿಗಳಿಗೆ ನೀರು ಪ್ರಿಯ. ನಡುಭಾಗಕ್ಕೆ ಬಿಸಿಯಾದಂತೆ ನೀರು ಸೇರದು. ಆಗ ಎಳೆಗಳು ನಡುವನ್ನು ಮರೆಮಾಡಿಕೊಂಡು ಗುಂಪುಗುಂಪಾಗಿ ಒತ್ತೊತ್ತಾಗಿ ನಿಲ್ಲುತ್ತವೆ; ದ್ರವ ಲೋಳೆಯಾಗುತ್ತದೆ. 1972ರಲ್ಲಿ ಅಮೆರಿಕದ ಇರ್ವಿಂಗ್ ಷ್ಮೋಲ್ಕ ಇದನ್ನು ಸುಟ್ಟಗಾಯಕ್ಕೆ ಕೃತಕ ಚರ್ಮವಾಗಿ ಬಳಸುವ ಬಗೆಯನ್ನು ಬರೆದರು.

ಗಾಯದಿಂದ ಕ್ಯಾನ್ಸರಿಗೆ ಬರುವ ದಾರಿ ಸಲೀಸಾಗಿರಲಿಲ್ಲ. ಬಿಸಿಗೆ ಗಟ್ಟಿಯಾಗುವ ಇನ್ನೊಂದು ಲೋಳೆಯಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಔಷಧಿ ಬೆರೆಸಿ, ಆಂಕೋಜೆಲ್ ಎಂಬ ಹೆಸರಿನಿಂದ ಅನ್ನನಾಳದ ಗಡ್ಡೆಗೆ ಚುಚ್ಚಿ ನೋಡಿದರು. ಮದ್ದು ಗಡ್ಡೆಯಲ್ಲಿಯೇ ಉಳಿಯುವಂತೆ ಮಾಡಿದ್ದರೂ, ರೂಢಿಯ ಚಿಕಿತ್ಸೆಗಿಂತ ಹೆಚ್ಚಿನ ಪ್ರಯೋಜನ ರೋಗಿಗಳಿಗೆ ಆಗಲಿಲ್ಲ. ಮದ್ದು ನಿಂತ ಮಾತ್ರಕ್ಕೆ ರೋಗ ಹೋಗುವುದಿಲ್ಲ ಎಂಬ ಪಾಠ ಅದು.

ಕೊನೆಗೆ 2020ರ ಏಪ್ರಿಲ್‌ನಲ್ಲಿ, ಮೈಟೊಮೈಸಿನ್ ಬೆರೆಸಿದ ಜೆಲ್ಮೈಟೊ ಎಂಬ ಲೋಳೆಗೆ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಒಪ್ಪಿಗೆ ಕೊಟ್ಟಿತು. ತಂಪಾದ ದ್ರವವನ್ನು ನಳಿಗೆಯ ಮೂಲಕ ಮೂತ್ರಪಿಂಡದೊಳಗೆ ಬಿಡುತ್ತಾರೆ. ಅಲ್ಲಿ ಅದು ಗಟ್ಟಿಯಾಗಿ, 4ರಿಂದ 6 ಗಂಟೆ ಮದ್ದನ್ನು ಬಿಡುತ್ತಾ, ಮೂತ್ರದೊಡನೆ ಕರಗಿ ಹೋಗುತ್ತದೆ. ವಾರಕ್ಕೊಮ್ಮೆಯಂತೆ 6 ವಾರ. ಪ್ರಯೋಗದಲ್ಲಿದ್ದ 71 ಮಂದಿಯಲ್ಲಿ ನೂರಕ್ಕೆ 58ರಷ್ಟು ಜನರಲ್ಲಿ ಗಡ್ಡೆ ಕಾಣದಾಯಿತು. ಅರ್ಧಕ್ಕೂ ಹೆಚ್ಚು ಮಂದಿಗೆ ಮೂತ್ರನಾಳ ಕಟ್ಟಿಕೊಳ್ಳುವ ಬಾಧೆಯೂ ಆಯಿತೆಂಬುದನ್ನು ಮರೆಯಬಾರದು. 2025ರ ಜೂನ್‌ನಲ್ಲಿ ಇದೇ ಬಗೆಯ ಲೋಳೆಗೆ ಮೂತ್ರಕೋಶದ ಒಂದು ಬಗೆಯ ಕ್ಯಾನ್ಸರಿಗೂ ಒಪ್ಪಿಗೆ ಸಿಕ್ಕಿತು.

ಇವೆರಡೂ ನಿಧಾನವಾಗಿ ಬೆಳೆಯುವ, ಆಳಕ್ಕಿಳಿಯದ ಗಡ್ಡೆಗಳಿಗೆ ಮಾತ್ರ. ಆದ್ದರಿಂದ ಎಲ್ಲ ಕ್ಯಾನ್ಸರಿಗೂ ಲೋಳೆಮದ್ದು ಬಂದಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ರೋಗ ಬೇಗ ತಿಳಿದರೆ ಮಾತ್ರ ಇಂಥ ಚಿಕಿತ್ಸೆಗೆ ಅವಕಾಶ. ಮೂತ್ರದಲ್ಲಿ ರಕ್ತ ಕಂಡರೆ, ನೋವಿಲ್ಲದಿದ್ದರೂ, ಅದು ಈ ಕ್ಯಾನ್ಸರಿನ ಗುರುತಾಗಿರಬಹುದು. ಬೀಡಿ ಸಿಗರೇಟು ಸೇದುವವರಿಗೆ ಅಪಾಯ ಹೆಚ್ಚು. ಆಸ್ಪತ್ರೆಯಲ್ಲಿ ಮಲಯಾಳದಲ್ಲೋ ತಮಿಳಿನಲ್ಲೋ ಮರಾಠಿಯಲ್ಲೋ ತೆಲುಗಿನಲ್ಲೋ ಮಾತಾಡಬೇಕಾದ ನಮ್ಮವರು, ಸಂಕೋಚಪಟ್ಟು ಇಂಥ ಸಂಗತಿಯನ್ನು ಹೇಳದೆ ಮರಳುವುದುಂಟು. ಭಾಷೆ ಯಾವುದಾದರೂ ಸರಿ, ಡಾಕ್ಟರಿಗೆ ಮೊದಲು ಆ ಮಾತನ್ನೇ ಹೇಳಿ.