ಸ್ಟೈನಿಟ್ಜ್ ಗೋಬಿ

ಹವಳ ದಿಬ್ಬಗಳ ನಡುವಣ ಮರಳುನೆಲದಲ್ಲಿ ಸೀಗಡಿಯೊಂದಿಗೆ ಒಂದೇ ಬಿಲದಲ್ಲಿ ಬಾಳುವ ಪುಟ್ಟ ಕಡಲಮೀನು. ಗೋಬಿಯಿಡೀ ಕುಟುಂಬಕ್ಕೆ ಸೇರಿದೆ. ವೈಜ್ಞಾನಿಕ ನಾಮ ಆಂಬ್ಲಿಎಲಿಯೋಟ್ರಿಸ್ ಸ್ಟೈನಿಟ್ಜಿ. ಜರ್ಮನಿಯ ಮತ್ಸ್ಯವಿಜ್ಞಾನಿ ವೋಲ್ಫ್‌ಗಾಂಗ್ ಕ್ಲಾಸೆವಿಟ್ಜ್ 1974ರಲ್ಲಿ ಇದನ್ನು ಮೊದಲು ವರ್ಣಿಸಿದ. ಪ್ರಭೇದದ ಹೆಸರು ಸಾಗರ ಜೀವವಿಜ್ಞಾನಿ ಹೈನ್ಜ್ ಸ್ಟೈನಿಟ್ಜನ ಸ್ಮರಣಾರ್ಥವಾಗಿ ಇಟ್ಟದ್ದು. ಕೆಂಪು ಸಮುದ್ರದಿಂದ ಹಿಡಿದು ಪಶ್ಚಿಮ ಪೆಸಿಫಿಕ್‌ವರೆಗೆ, ದಕ್ಷಿಣದಲ್ಲಿ ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ವರೆಗೆ ಇದರ ವ್ಯಾಪ್ತಿಯಿದೆ.

ನೀಳವಾದ ದೇಹದ ಬಣ್ಣ ಮಾಸಲು ಬಿಳಿ. ಅದರ ಮೇಲೆ ಕಂದುಗೆಂಪಿನ ಅಡ್ಡಪಟ್ಟೆಗಳಿವೆ. ಕಣ್ಣುಗಳು ತಲೆಯ ಮೇಲ್ಭಾಗದಲ್ಲಿರುವುದರಿಂದ ನೆಲಕ್ಕೆ ಒರಗಿ ಕುಳಿತಾಗಲೂ ಸುತ್ತಲಿನ ಚಲನೆಯನ್ನು ಗಮನಿಸಬಲ್ಲದು. ಸಣ್ಣ ಅಕಶೇರುಕಗಳು ಇದರ ಆಹಾರ.

ಇದರ ಸಂಗಾತಿಯಾದ ಆಲ್ಫಿಯಸ್ ಜಾತಿಯ ಸೀಗಡಿಯನ್ನು, ದೊಡ್ಡ ಇಕ್ಕುಳವೊಂದನ್ನು ಪಟ್ಟನೆ ಮುಚ್ಚಿ ಸದ್ದು ಹೊರಡಿಸುವುದರಿಂದ, ಪಿಸ್ತೂಲು ಸೀಗಡಿ ಎಂದೂ ಕರೆಯುವುದುಂಟು. ಬಿಲ ತೋಡುವುದು, ಕುಸಿಯುವ ಮರಳನ್ನು ಹೊರಕ್ಕೆ ತಳ್ಳುವುದು, ಹವಳದ ಚೂರು ಹಾಗೂ ಚಿಪ್ಪುಗಳಿಂದ ಬಾಯಿಯನ್ನು ಭದ್ರಪಡಿಸುವುದು ಸೀಗಡಿಯ ಕೆಲಸ. ದೂರದ ಶತ್ರುವನ್ನು ಗುರುತಿಸಲು ಅದರ ದೃಷ್ಟಿ ಸಾಲದಾದ್ದರಿಂದ ಬಿಲದ ಬಾಯಲ್ಲಿ ಕಾವಲಿರುವ ಹೊಣೆ ಮೀನಿನದು. ಸೀಗಡಿ ಹೊರಬಂದಾಗ ತನ್ನ ಕುಡಿಮೀಸೆಯನ್ನು, ಎಂದರೆ ತಲೆಯ ಮುಂದೆ ಚಾಚಿದ ನೀಳವಾದ ಸ್ಪರ್ಶಾಂಗವನ್ನು, ಗೋಬಿಯ ಮೈಗೆ ತಾಗಿಸಿಕೊಂಡೇ ಇರುತ್ತದೆ. ಅಪಾಯ ಸುಳಿದರೆ ಗೋಬಿ ಬಾಲವನ್ನು ಪಟಪಟನೆ ಅಲುಗಿಸುತ್ತದೆ. ಆ ಕಂಪನ ಕುಡಿಮೀಸೆಗೆ ತಲುಪಿದೊಡನೆ ಸೀಗಡಿ ಒಳಸರಿಯುತ್ತದೆ. ಅಪಾಯ ತೀರ ಹತ್ತಿರವಾದಾಗ ಗೋಬಿಯೇ ತಲೆ ಮುಂದಾಗಿ ಬಿಲದೊಳಗೆ ನುಗ್ಗುತ್ತದೆ. ಕಾವಲಿಗೆ ಮೀನಿಲ್ಲದಾಗ ಸೀಗಡಿ ಸಾಮಾನ್ಯವಾಗಿ ಹೊರಗೆ ಬರುವುದಿಲ್ಲ. ಕತ್ತಲಾದ ಮೇಲೆ ಎರಡೂ ಬಿಲದೊಳಗೇ ತಂಗುತ್ತವೆ.

ಎರಡು ಭಿನ್ನ ಪ್ರಭೇದಗಳು ಪರಸ್ಪರ ಪ್ರಯೋಜನ ಪಡೆಯುವ ಇಂಥ ಸಹಬಾಳ್ವೆಗೆ ಪರಸ್ಪರೋಪಕಾರಿ ಸಹಜೀವನವೆಂದು ಹೆಸರು. ವೋಲ್ಫ್‌ಗಾಂಗ್ ಲೂಥರ್ ಎಂಬಾತ 1958ರಲ್ಲಿ ಕೆಂಪು ಸಮುದ್ರದ ಗೋಬಿ-ಸೀಗಡಿ ಸಹಜೀವನವನ್ನು ಕುರಿತು ಬರೆದ. ಅಕಾಬಾ ಕೊಲ್ಲಿಯ ಏಲಾತ್ ಬಳಿ ಇಲಾನ್ ಕಾರ್ಪ್ಲಸ್ 1970ರ ದಶಕದಲ್ಲಿ ನಡೆಸಿದ ಅಧ್ಯಯನಗಳು ಈ ಗೋಬಿಯ ಎಚ್ಚರಿಕೆಯ ಸಂಜ್ಞೆಗಳ ಸ್ವರೂಪವನ್ನು ವಿವರವಾಗಿ ತಿಳಿಸಿಕೊಟ್ಟವು. ಗೋಬಿಯ ಮಲವೂ ಸೀಗಡಿಗೆ ಆಹಾರವಾಗಿ ಒದಗುತ್ತದೆಂಬುದು ಇದೇ ಬಗೆಯ ಇತರ ಗೋಬಿಗಳ ಮೇಲಿನ ಈಚಿನ ಸಂಶೋಧನೆಯಿಂದ ಗೊತ್ತಾಗಿದೆ. ಸೀಗಡಿಯೊಂದಿಗೆ ಹೀಗೆ ಬಾಳುವ ಗೋಬಿ ಪ್ರಭೇದಗಳು ನೂರಕ್ಕೂ ಹೆಚ್ಚು. ಅವುಗಳ ಪೈಕಿ ಹೆಚ್ಚು ಕೂಲಂಕಷವಾಗಿ ಅಧ್ಯಯನಕ್ಕೆ ಒಳಗಾದವುಗಳಲ್ಲಿ ಸ್ಟೈನಿಟ್ಜ್ ಗೋಬಿಯೂ ಒಂದು.